40 ಲೀಟರ್ ಟ್ಯಾಂಕಿನಲ್ಲಿ ಬರೀ ಹವಳ ಸಾಕಬಹುದಾ, ಮೀನೂ ಇರಲೇಬೇಕಾ?

ಗಪ್ಪಿ_ಬಿಟ್ಟವ (ಬೆಂಗಳೂರು)

ನಮಸ್ಕಾರ. ಆರು ವರ್ಷದಿಂದ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ಗಪ್ಪಿ, ಟೆಟ್ರಾ, ಗಿಡದ ಟ್ಯಾಂಕ್ ಎಲ್ಲಾ ಆಯಿತು, ಈಗ ಉಪ್ಪುನೀರಿನ ಹುಚ್ಚು ಹಿಡಿದಿದೆ. ಟಿವಿ ಪಕ್ಕದಲ್ಲಿ ಮನೆಯವರು ಒಂದೂವರೆ ಅಡಿ ಜಾಗ ಮಂಜೂರು ಮಾಡಿದ್ದಾರೆ, ಅಲ್ಲಿ 40 ಲೀಟರ್ ಟ್ಯಾಂಕ್ ಕೂರುತ್ತದೆ, ಅಷ್ಟೇ. ಇಷ್ಟು ಸಣ್ಣದರಲ್ಲಿ ಮೀನು ಬಿಟ್ಟು ಅದಕ್ಕೆ ಹಿಂಸೆ ಕೊಡುವುದಕ್ಕಿಂತ ಬರೀ ಹವಳ ಇಟ್ಟರೆ ಹೇಗೆ ಅನ್ನಿಸಿತು. ಮೀನಿಲ್ಲ ಅಂದರೆ ಗಲೀಜಿಲ್ಲ, ಗಲೀಜಿಲ್ಲ ಅಂದರೆ ನೀರು ಬದಲಿಸುವ ಕೆಲಸವೂ ಕಡಿಮೆ, ಅಲ್ವಾ? ಅಂಗಡಿಯವರು ಮಾತ್ರ "ಒಂದು ಜೋಡಿ ಕ್ಲೌನ್ ಮೀನು ಹಾಕಿ ಸರ್, ಇಲ್ಲದಿದ್ದರೆ ಟ್ಯಾಂಕ್ ನಡೆಯುವುದೇ ಇಲ್ಲ" ಅನ್ನುತ್ತಾರೆ.

ಇನ್ನೊಂದು, ನೀರಿಗೆ ಅಡುಗೆಮನೆಯ ಆರ್‌ಒ ಇದೆ. ಹೊಸ ಮಾಡೆಲ್, ತಾಮ್ರದ ಫಿಲ್ಟರ್ ಕೂಡ ಇರುವಂಥದ್ದು. ಅದು ಸಾಕಾ?

ಉಪ್ಪುನೀರು

ಮೊದಲು ಕೊನೆಯ ಪ್ರಶ್ನೆ. ಆ ಆರ್‌ಒ ನೀರನ್ನು ಹಾಕಬೇಡಿ. ನಮಗೆ ಒಳ್ಳೆಯದು ಅಂತ ಸೇರಿಸುವ ಆ ತಾಮ್ರ ಹವಳಕ್ಕೆ, ಸಿಗಡಿಗೆ, ಬಸವನಹುಳಕ್ಕೆ ವಿಷ. ತೀರಾ ಕಡಿಮೆ ಪ್ರಮಾಣವೂ ಸಾಕು. ತಾಮ್ರ ಇಲ್ಲದ ಮಾಡೆಲ್ ಆದರೂ ಎಷ್ಟೋ ಮಷೀನುಗಳು ರುಚಿಗೆ ಅಂತ ಒಂದಿಷ್ಟು ಮೂಲ ನೀರನ್ನೇ ಬೆರೆಸಿ ಕೊಡುತ್ತವೆ. ಬೇಕಾಗಿರುವುದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) 0 ತೋರಿಸುವ ನೀರು, ಅಂದರೆ ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಕೂಡ ದಾಟಿ ಬಂದದ್ದು. ಬೋರ್‌ವೆಲ್ ನೀರಿನ ಮನೆಯಾದರೆ ರೆಸಿನ್ ಬೇಗ ಮುಗಿಯುತ್ತದೆ, ತಯಾರಾಗಿರಿ.

ಈಗ ಮೀನಿನ ವಿಷಯ. ಅಂಗಡಿಯವರು ಹೇಳಿದ್ದು ತಪ್ಪು. ಮೀನಿಲ್ಲದೆ ಹವಳ ಚೆನ್ನಾಗಿಯೇ ಬದುಕುತ್ತದೆ. ಆದರೆ ನಿಮ್ಮ ಲೆಕ್ಕವೂ ತಲೆಕೆಳಗಾಗಿದೆ ಸರ್. ನನ್ನ ಮೊದಲ ಟ್ಯಾಂಕ್ 45 ಲೀಟರ್, ಒಂದೂ ಮೀನಿರಲಿಲ್ಲ. ನಾಲ್ಕನೇ ತಿಂಗಳಲ್ಲಿ ಪರೀಕ್ಷೆ ಮಾಡಿದರೆ ನೈಟ್ರೇಟ್ 0, ಫಾಸ್ಫೇಟ್ 0. ಇಷ್ಟು ಶುದ್ಧ ನೀರು ಯಾರ ಹತ್ತಿರ ಇದೆ ಅಂತ ಎದೆ ಉಬ್ಬಿಸಿಕೊಂಡು ಓಡಾಡಿದೆ. ಹದಿನೈದು ದಿನ ಕಳೆಯಲಿಲ್ಲ, ಮರಳಿನ ಮೇಲೆಲ್ಲ ಕಂದು ಲೋಳೆ, ಅದರ ತುಂಬ ಗಾಳಿಗುಳ್ಳೆ, ಬೆಳಿಗ್ಗೆ ಕಡಿಮೆ, ಸಂಜೆಗೆ ಮತ್ತೆ ಹಾಜರು. ಜೋಯಾಂತಿಡ್‌ಗಳು (ಸಣ್ಣ ಹೂವಿನ ಗೊಂಚಲಿನಂಥ ಮೆತ್ತನೆ ಹವಳ) ಬಾಯಿ ಮುಚ್ಚಿ ಕೂತವು, ಬಸವನಹುಳುಗಳು ಒಂದೊಂದಾಗಿ ಸತ್ತವು. ಅದು ಡೈನೋಫ್ಲಾಜೆಲ್ಲೇಟ್, ನೈಟ್ರೇಟ್ ಫಾಸ್ಫೇಟ್ ಸೊನ್ನೆಯಾದ ನೀರಿನಲ್ಲಿ ಮೇಲುಗೈ ಪಡೆಯುವ ಸೂಕ್ಷ್ಮಜೀವಿ. ಗಲೀಜಾಗಿದೆ ಅಂದುಕೊಂಡು ಇನ್ನೂ ಜಾಸ್ತಿ ನೀರು ಬದಲಿಸಿದೆ. ಅದು ಇನ್ನೂ ಜಾಸ್ತಿಯಾಯಿತು!

ಆಮೇಲೆ ಗೊತ್ತಾಯಿತು. ಹವಳದ ಮೈಯೊಳಗೆ ಒಂದು ಸೂಕ್ಷ್ಮ ಪಾಚಿ ಇರುತ್ತದೆ, ಅದು ಬೆಳಕಿನಿಂದ ಊಟ ಮಾಡಿ ಹವಳಕ್ಕೂ ಬಡಿಸುತ್ತದೆ. ಆ ಪಾಚಿಗೂ ಗೊಬ್ಬರ ಬೇಕಲ್ಲ. ಮೀನಿನ ಹೇಲು ಉಚ್ಚೆಯೇ ಆ ಗೊಬ್ಬರ, ನೈಟ್ರೇಟ್ ಫಾಸ್ಫೇಟ್ ಬರುವುದು ಅದರಿಂದಲೇ. ಮೀನಿಲ್ಲದಿದ್ದರೆ ನೀವೇ ಹಾಕಬೇಕು. ನಾನು ಈಗ ವಾರಕ್ಕೆ ಮೂರು ಸಲ, ರಾತ್ರಿ ದೀಪ ಆರಿದ ಮೇಲೆ, ಚಿಟಿಕೆ ಪುಡಿ ಆಹಾರ ಹಾಕುತ್ತೇನೆ. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.05ರ ಆಸುಪಾಸು ಇದ್ದರೆ ನನಗೆ ನಿದ್ದೆ ಬರುತ್ತದೆ. ಸೊನ್ನೆ ಕಂಡರೆ ಬರುವುದಿಲ್ಲ.

ನೀರು ಬದಲಿಸುವುದು ತಪ್ಪುವುದಿಲ್ಲ. ವಾರಕ್ಕೆ 10 ಪರ್ಸೆಂಟ್, ನಿಮಗಾದರೆ 4 ಲೀಟರ್. ಒಂದು ಬಕೆಟ್ ಕೂಡ ತುಂಬುವುದಿಲ್ಲ, ಅಳಬೇಡಿ.

ಕಡಲ_ಪಕ್ಕ (ಮಂಗಳೂರು)

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಇಷ್ಟು ಸಣ್ಣ ಟ್ಯಾಂಕಿನಲ್ಲಿ ಹವಳ ಸಾಯುವುದು ಹೆಚ್ಚಾಗಿ ನೀರು ಆರುವುದರಿಂದ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೂರು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 3 ಲೀಟರ್ ಆರಿತು ಅಂದುಕೊಳ್ಳಿ, ಸಾವಿರಕ್ಕೆ 35 ಇದ್ದ ಉಪ್ಪಿನಂಶ 38ರ ಹತ್ತಿರ ಬಂದಿರುತ್ತದೆ. 400 ಲೀಟರ್ ಟ್ಯಾಂಕಿಗೆ ಅಷ್ಟು ಆರಿದರೆ ಗೊತ್ತೇ ಆಗುವುದಿಲ್ಲ. ಆರಿದ್ದಕ್ಕೆ ಸಿಹಿನೀರನ್ನೇ ತುಂಬಿಸಬೇಕು, ಉಪ್ಪುನೀರು ಅಲ್ಲ. ತಾನೇ ತುಂಬಿಸುವ ಎಟಿಒ ಅನ್ನುವ ಸಾಧನ ಸಿಗುತ್ತದೆ. ಮೀನಿಗೆ ಇಡುವ ದುಡ್ಡನ್ನು ಅದಕ್ಕೆ ಇಡಿ.

ಬೆಂಗಳೂರಿನವರಿಗೆ ಒಂದು ಅದೃಷ್ಟ ಉಂಟು. ಏಪ್ರಿಲ್‌ನಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಡಿಗ್ರಿ ಇಳಿಯುತ್ತದೆ. ನಮ್ಮ ಸೆಕೆಗೆ, ಗಾಳಿಯಲ್ಲೇ ನೀರಿರುವಾಗ, ಫ್ಯಾನ್ ಸುಮ್ನೆ ತಿರುಗುತ್ತದೆ. ನನಗೆ ನೀರು ತಂಪು ಮಾಡುವ ಚಿಲ್ಲರ್ ಇಲ್ಲದೆ ಆಗಲಿಲ್ಲ. 25, 26 ಡಿಗ್ರಿಯಲ್ಲಿ ಒಂದೇ ಸಮ ಇರಲಿ. ಡಿಸೆಂಬರ್ ರಾತ್ರಿಗೆ ನಿಮಗೆ ಹೀಟರ್ ಬೇಕಾಗುತ್ತದೆ.

ಸಮುದ್ರ ಪಕ್ಕದಲ್ಲೇ ಇರುವಾಗ ಉಪ್ಪು ಯಾಕೆ ಕೊಳ್ಳಬೇಕು ಅಂತ ನಾನೂ ಕ್ಯಾನ್ ಹಿಡಿದುಕೊಂಡು ಹೋದವಳೇ. ಮಳೆಗಾಲದಲ್ಲಿ ನೇತ್ರಾವತಿ ಬಂದು ಸೇರುವಲ್ಲಿ ಅದು ಅರ್ಧ ಹೊಳೆನೀರು. ಬಾಕಿ ದಿನ ದೋಣಿಯ ಡೀಸೆಲ್. ಎರಡು ಲೆದರ್ ಹವಳ (ತೊಗಲಿನಂಥ ಮೆತ್ತನೆ ಹವಳ) ಕಳೆದುಕೊಂಡ ಮೇಲೆ ಅಕ್ವೇರಿಯಂಗೆ ಅಂತಲೇ ಮಾರುವ ಪ್ಯಾಕೆಟ್ ಉಪ್ಪಿಗೆ ಬಂದೆ.

ಮತ್ತೆ ಇದನ್ನು ಯಾವ ಅಂಗಡಿಯೂ ಹೇಳುವುದಿಲ್ಲ. ಗಟ್ಟಿ ಹವಳ ಯಾವುದೇ ಇರಲಿ, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆ ಥರ ಇರುವ ಗಾರ್ಗೋನಿಯನ್, ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಾನೂನಿಗೆ ಹುಲಿಯೂ ಒಂದೇ, ಆ ಹವಳವೂ ಒಂದೇ. ಅಂಗಡಿಯಲ್ಲಿ "ಎಲ್‌ಪಿಎಸ್, ಎಸ್‌ಪಿಎಸ್" ಅಂತ ತೋರಿಸಿದರೆ ಅದು ಗಟ್ಟಿ ಹವಳ, ಬಿಟ್ಟು ಬನ್ನಿ. ಸಮುದ್ರದಿಂದ ತಂದ ಲೈವ್ ರಾಕ್ (ಜೀವಿಗಳು ಅಂಟಿರುವ ಕಲ್ಲು) ಅನ್ನುವುದೂ ಹೆಚ್ಚಿನಂಶ ಹಳೆಯ ಹವಳದ ಅಸ್ಥಿಪಂಜರವೇ. ಸೆರಾಮಿಕ್ ಕಲ್ಲು ಹಾಕಿ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ತುಂಡು ಮುರಿದು ತಂದರೆ ಯಾರಿಗೆ ಗೊತ್ತಾಗುತ್ತದೆ ಅಂತ ಕೇಳಿದವರೂ ಇದ್ದಾರೆ. ಅಂಥವರ ಹತ್ತಿರ ನಾನು ಮಾತೇ ಆಡುವುದಿಲ್ಲ.

ಹೊಸಬರಿಗೆ ಮಶ್ರೂಮ್, ಜೋಯಾಂತಿಡ್, ಲೆದರ್ ಸಾಕು. ನಮ್ಮ ತಪ್ಪುಗಳನ್ನು ತಡೆದುಕೊಳ್ಳುವ ಜಾತಿ ಅವು.

ಟೆಕ್ಸಾಸ್_ಮೈಸೂರಿಗ

ಇಲ್ಲಿ ಗಟ್ಟಿ ಹವಳವೂ ಅಂಗಡಿಯಲ್ಲೇ ಸಿಗುತ್ತದೆ, ಆದರೂ ನನ್ನ ಟ್ಯಾಂಕಿನಲ್ಲಿ ಮೀನಿಲ್ಲ. ಕಾರಣ ಒಂದೇ, ಮೀನಿಗೆ ಪರಾವಲಂಬಿಯಿಂದ ಬರುವ ಬಿಳಿಚುಕ್ಕೆ ರೋಗ. ಅದಕ್ಕೆ ಔಷಧಿ ತಾಮ್ರ, ಅದನ್ನು ಹವಳದ ಟ್ಯಾಂಕಿಗೆ ಹಾಕುವ ಹಾಗಿಲ್ಲ. ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ, ಇಲ್ಲಿ ಆ ಪರಾವಲಂಬಿ ಸಾಯುವ ತನಕ 76 ದಿನ ಮೀನಿಲ್ಲದೆ ಕಾಯಬೇಕು. ಕಾದೆ. ಆ ದಿನಗಳಲ್ಲಿ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಹುಳುಗಳು ಓಡಾಡತೊಡಗಿದವು, ಮೀನಿದ್ದಾಗ ಒಂದೂ ಕಂಡಿರಲಿಲ್ಲ. ರಾತ್ರಿ ಟಾರ್ಚ್ ಹಿಡಿದು ನೋಡುವುದೇ ಒಂದು ಮಜಾ. 76 ಮುಗಿದು ಈಗ ಮೂರು ವರ್ಷ, ಮೀನು ವಾಪಸ್ ಬರಲೇ ಇಲ್ಲ.

ಜೋಯಾಂತಿಡ್ ಅಂದಿರಲ್ಲ, ಅದನ್ನು ಕತ್ತರಿಸುವಾಗ ಗ್ಲೌಸ್, ಕನ್ನಡಕ ಎರಡೂ ಹಾಕಿ. ಕೆಲವು ಜಾತಿಯಲ್ಲಿ ಪಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಅದು ಅಂಟಿದ ಕಲ್ಲನ್ನು ಬಿಸಿನೀರಲ್ಲಿ ಕುದಿಸಿ ತೊಳೆಯಲೇಬೇಡಿ. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಗಪ್ಪಿ_ಬಿಟ್ಟವ

ತಾಮ್ರದ ಆರ್‌ಒ ಬಗ್ಗೆ ಕೇಳದೇ ಇದ್ದಿದ್ದರೆ ಮೊದಲ ವಾರದಲ್ಲೇ ಎಲ್ಲಾ ಮುಗಿಸುತ್ತಿದ್ದೆ. ಡಿಐ ಸೇರಿಸಿದ ಬೇರೆ ಫಿಲ್ಟರ್ ತರುತ್ತೇನೆ. ಮೀನಿಲ್ಲ, ಒಂದು ಸಿಗಡಿ, ನಾಲ್ಕು ಬಸವನಹುಳು, ಮಶ್ರೂಮ್ ಹವಳ. ಒಂದು ಡೌಟು, ಅಮ್ಮ ಸಂಜೆ ಹಾಲ್‌ನಲ್ಲಿ ಸೊಳ್ಳೆಗೆ ಸ್ಪ್ರೇ ಹೊಡೆಯುತ್ತಾರೆ, ತೊಂದರೆ ಇದೆಯಾ?

ಉಪ್ಪುನೀರು

ತುಂಬಾ ಇದೆ. ಸೊಳ್ಳೆಗೂ ಸಿಗಡಿಗೂ ಆ ಔಷಧಿ ವ್ಯತ್ಯಾಸ ಮಾಡುವುದಿಲ್ಲ. ಅಮ್ಮನಿಗೆ ಎಲೆಕ್ಟ್ರಿಕ್ ಬ್ಯಾಟ್ ಕೊಡಿಸಿ. ಮತ್ತೆ ಕಲ್ಲು, ಮರಳು, ನೀರು ಹಾಕಿದ ಮೇಲೆ ಅಮೋನಿಯಾ ಏರಿ ಇಳಿಯುವ ತನಕ ಐದಾರು ವಾರ ಏನೂ ಬಿಡಬೇಡಿ. ಮನೆಗೆ ಬಂದವರು "ಖಾಲಿ ಟ್ಯಾಂಕ್ ಯಾಕೆ ಇಟ್ಟಿದ್ದೀರಿ" ಅಂತ ಕೇಳಿಯೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ಹವಳ ಇಟ್ಟ ಮೇಲೂ ಕೇಳುತ್ತಿದ್ದಾರೆ.