ಅತ್ತೆಯ ಟಿಕೆಟ್ ಲೆಕ್ಕ

ಅತ್ತೆ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಲಂಡನ್ ಹೀಥ್ರೂನಿಂದ ನ್ಯೂಯಾರ್ಕ್ ಕೆನಡಿ ವಿಮಾನ ನಿಲ್ದಾಣಕ್ಕೆ ಸುಮಾರು 5,550 ಕಿಲೋಮೀಟರ್, ವಿಮಾನ ಗಂಟೆಗೆ 900 ಹೋಗುತ್ತದೆ, ಭಾಗಿಸಿದರೆ 6 ಗಂಟೆ ಚಿಲ್ಲರೆ ಬರುತ್ತದೆ. ಟಿಕೆಟ್‌ನಲ್ಲಿ 8 ಯಾಕಿದೆ, ವಾಪಸ್ ಬರುವಾಗ 7 ಯಾಕೆ ಎಂದು ಕೇಳಿದ್ದೀರಿ. ಟಿಕೆಟ್ ಸರಿಯಾಗಿಯೇ ಇದೆ, ಗಾಬರಿ ಬೇಡ. ಬರೆಯೋದಕ್ಕಿಂತ ಈ ವಾಯ್ಸ್ ಮೆಸೇಜ್‌ನಲ್ಲಿ ಬಾಯಲ್ಲೇ ಹೇಳುತ್ತೇನೆ.

ನಿಮಗೆ ಸಿಕ್ಕ ದೂರ, ಭೂಮಿಯ ಉಬ್ಬಿನ ಮೇಲೆ ಎರಡು ಊರಿನ ನಡುವೆ ದಾರ ಎಳೆದು ಅಳೆದ ದೂರ. ಗ್ಲೋಬ್ ಇದ್ದರೆ ದಾರ ಬಿಗಿಯಾಗಿ ಹಿಡಿದು ನೋಡಿ, ಅದು ಉತ್ತರಕ್ಕೆ ಸರಿದು ಕೆನಡಾದ ತುದಿ ಮುಟ್ಟಿಕೊಂಡು ಹೋಗುತ್ತದೆ. ವಿಮಾನದ ಸ್ಕ್ರೀನಿನಲ್ಲಿ ಗೆರೆ ಬಿಲ್ಲಿನ ಹಾಗೆ ಬಾಗಿದ್ದರೆ ಸುತ್ತಿ ಹೋಗುತ್ತಿದ್ದಾರೆ ಅಂದುಕೊಳ್ಳಬೇಡಿ. ಅದೇ ಹತ್ತಿರದ ದಾರಿ.

ದೊಡ್ಡ ವ್ಯತ್ಯಾಸ ಮಾಡುವುದು ಗಾಳಿ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಹೊಳೆಯ ಹಾಗೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂದರೆ ಅದೇ. ಚಳಿಗಾಲದಲ್ಲಂತೂ ಇನ್ನೂ ಜೋರು. ಆ 900 ಎನ್ನುವುದು ಗಾಳಿಯ ಒಳಗಿನ ವೇಗ. ಹೋಗುವಾಗ ಎದುರುಗಾಳಿ 150 ಇದ್ದರೆ ನೆಲದ ಲೆಕ್ಕದಲ್ಲಿ ನೀವು ಹೋಗುವುದು 750 ಮಾತ್ರ, ಆಗ ಆಕಾಶದಲ್ಲೇ ಏಳೂವರೆ ಗಂಟೆ ಹತ್ತಿರ ಬರುತ್ತದೆ. ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಇದ್ದಾಗ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ನನಗೆ ಇದು ಈಗಲೂ ಆಶ್ಚರ್ಯ!

ಇನ್ನು ಟಿಕೆಟ್‌ನ ಸಮಯ ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನದು. ರನ್‌ವೇಗೆ ಸಾಗುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯುವ ಮುಂಚೆ ನಿಧಾನ ಮಾಡುವುದು, ಎಲ್ಲಾ ಅದರಲ್ಲೇ ಸೇರಿದೆ. ದಾರಿ ಮುಚ್ಚಿದರೂ ಸಮಯ ಬದಲಾಗುತ್ತದೆ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ-ಟೋಕಿಯೊ ಪ್ರಯಾಣ ಸುಮಾರು 9 ಗಂಟೆಯಿಂದ 13ಕ್ಕೆ ಹೋಯಿತು. ಊರುಗಳು ಇದ್ದಲ್ಲೇ ಇವೆ, ಅಲ್ವಾ?

ಹಾಂ, ಗಡಿಯಾರದ ವಿಷಯ ಮರೆಯುತ್ತಿದ್ದೆ. ಬೆಳಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ತಲುಪುತ್ತೀರಿ ಎಂದಿದೆ. 3 ಗಂಟೆ ಅಲ್ಲ ಅತ್ತೆ. ನ್ಯೂಯಾರ್ಕ್ ಗಡಿಯಾರ ಸಾಮಾನ್ಯವಾಗಿ 5 ಗಂಟೆ ಹಿಂದೆ, ಅದಕ್ಕೇ 3ಕ್ಕೆ 5 ಸೇರಿಸಿ 8. ವಾಪಸ್ ಬರುವಾಗ ಸಂಜೆ 7ಕ್ಕೆ ಹೊರಟು ಬೆಳಗ್ಗೆ 7ಕ್ಕೆ ಇಳಿಯುತ್ತೀರಿ. 12ರಲ್ಲಿ 5 ಕಳೆದರೆ 7.

ಕರೆದುಕೊಂಡು ಹೋಗಲು ಬರುವವರಿಗೆ ಕಿಲೋಮೀಟರ್ ಲೆಕ್ಕ ಹೇಳಬೇಡಿ. ಇಳಿಯುವ ಸಮಯ, ಫ್ಲೈಟ್ ನಂಬರ್ ಎರಡೇ ಕಳಿಸಿ. ಇಮಿಗ್ರೇಷನ್ ಕ್ಯೂ ಮುಗಿಸಿ, ಲಗೇಜ್ ತೆಗೆದುಕೊಂಡು ಹೊರಗೆ ಬರೋಕೆ ಇನ್ನೂ ಹೊತ್ತು ಬೇಕು ಅಂತಲೂ ಹೇಳಿಡಿ. ಹೊರಡುವ ಹಿಂದಿನ ರಾತ್ರಿ ನಾನೇ ಫೋನ್ ಮಾಡುತ್ತೇನೆ.