ಸಂಬಳದ ಕೆಲಸ ಬಿಟ್ಟು ಚಿತ್ರರಚನೆಯನ್ನೇ ವೃತ್ತಿ ಮಾಡಿಕೊಳ್ಳುವ ಮೊದಲು ಯಾವ ಲೆಕ್ಕ ಹಾಕಬೇಕು?

ಗೆರೆಬಣ್ಣ (ಪ್ರಶ್ನೆ):

ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕಾಯಂ ನೌಕರಿಯಲ್ಲಿದ್ದೇನೆ. ರಾತ್ರಿ ಹೊತ್ತು ಮತ್ತು ರಜೆಯ ದಿನಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುತ್ತೇನೆ. ಮೊದಮೊದಲು ಹವ್ಯಾಸವಾಗಿದ್ದ ಈ ಕೆಲಸ ಈಗ ಇಬ್ಬರು ಪ್ರಕಾಶಕರು ವರ್ಷವಿಡೀ ಕೆಲಸ ಕೊಡುವುದಾಗಿ ಹೇಳುವ ಹಂತಕ್ಕೆ ಬಂದಿದೆ; ಆದರೆ ಅವರ ಗಡುವಿಗೆ ಒಪ್ಪಿದರೆ ನೌಕರಿ ನಡೆಯುವುದಿಲ್ಲ, ನೌಕರಿಗೆ ಗಮನ ಕೊಟ್ಟರೆ ಗಡುವು ತಪ್ಪುತ್ತದೆ. ತಂದೆತಾಯಿ ನನ್ನ ಸಂಬಳವನ್ನೇ ನೆಚ್ಚಿಕೊಂಡಿದ್ದಾರೆ, ಮನೆಯ ಸಾಲದ ಕಂತೂ ಇದೆ. ಆಪ್ತರಲ್ಲಿ ಕೆಲವರು ಧೈರ್ಯ ಮಾಡು ಎನ್ನುತ್ತಾರೆ, ಉಳಿದವರು ಇರುವುದನ್ನು ಕೈಬಿಡಬೇಡ ಎನ್ನುತ್ತಾರೆ. ಎರಡೂ ಮಾತುಗಳು ನನ್ನ ಸ್ವಭಾವವನ್ನು ಕುರಿತವೇ ಹೊರತು ಕೆಲಸವನ್ನು ಕುರಿತವಲ್ಲ. ಈ ದಾರಿಯಲ್ಲಿ ನಡೆದವರು, ನಿರ್ಧರಿಸುವ ಮೊದಲು ಏನೇನನ್ನು ಪರಿಶೀಲಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಬಿಡಿಕೆಲಸ:

ನಾನು ಬಹುಕಾಲದಿಂದ ಪುಸ್ತಕ ವಿನ್ಯಾಸವನ್ನು ಸ್ವತಂತ್ರವಾಗಿ ಮಾಡಿಕೊಂಡು ಬಂದವನು, ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ನೌಕರಿ ಬಿಟ್ಟರೆ ದಿನವಿಡೀ ಚಿತ್ರ ಬರೆಯಬಹುದು ಎಂಬ ಕಲ್ಪನೆಯನ್ನು ಮೊದಲು ಬದಿಗಿಡಿ. ವರ್ಷದ 365 ದಿನಗಳಲ್ಲಿ ವಾರಾಂತ್ಯದ 104 ದಿನ ಕಳೆದರೆ 261 ಉಳಿಯುತ್ತವೆ. ಹಬ್ಬ, ಅನಾರೋಗ್ಯ ಮತ್ತು ವಿಶ್ರಾಂತಿಗೆಂದು ಸುಮಾರು 30 ದಿನ ತೆಗೆದಿಟ್ಟರೆ 230ರ ಆಸುಪಾಸಿಗೆ ಬರುತ್ತೇವೆ. ದರಪಟ್ಟಿ ಕಳುಹಿಸುವುದು, ಪತ್ರವ್ಯವಹಾರ, ಹೊಸ ಕೆಲಸ ಹುಡುಕುವುದು, ತೆರಿಗೆಯ ಲೆಕ್ಕ, ಎಲ್ಲಕ್ಕಿಂತ ಹೆಚ್ಚಾಗಿ ಬಾಕಿ ಬಿಲ್ಲಿಗಾಗಿ ಮತ್ತೆ ಮತ್ತೆ ನೆನಪಿಸುವುದು, ಇವೆಲ್ಲ ಈ ದಿನಗಳಲ್ಲೇ ಆಗಬೇಕು, ಇವುಗಳಿಗೆ ಯಾರೂ ಹಣ ಕೊಡುವುದಿಲ್ಲ. ಹಣ ತರುವ ದಿನಗಳು ಅರ್ಧದಷ್ಟು, ಅಂದರೆ ಸುಮಾರು 115, ಎಂದಿಟ್ಟುಕೊಳ್ಳುವುದು ಕ್ಷೇಮ. ನಿಮಗೆ ವರ್ಷಕ್ಕೆ ಬೇಕಾದ ಮೊತ್ತವನ್ನು ಈ 115ರಿಂದ ಭಾಗಿಸಿದಾಗ ಬರುವುದೇ ನಿಮ್ಮ ದಿನದ ದರ. ಭಾಗಿಸುವ ಮೊದಲು ಆ ಮೊತ್ತಕ್ಕೆ, ಈಗ ಸಂಸ್ಥೆಯೇ ಭರಿಸುತ್ತಿರುವ ಆರೋಗ್ಯ ವಿಮೆ, ನಿವೃತ್ತಿ ನಿಧಿ ಹಾಗೂ ಗಣಕಯಂತ್ರದಂತಹ ಸಾಧನಗಳ ವೆಚ್ಚವನ್ನೂ ಸೇರಿಸಿ. ಪ್ರಕಾಶಕರು ಅಷ್ಟು ದರ ಕೊಡುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ.

ಇನ್ನರ್ಧ, ಹಣ ಬರುವ ಹೊತ್ತು. ಚಿತ್ರ ಒಪ್ಪಿಸಿ ಎರಡು ಮೂರು ತಿಂಗಳಾದ ಮೇಲೆ ಹಣ ಬರುವುದು ನಮ್ಮಲ್ಲಿ ಅಪರೂಪವಲ್ಲ, ಸಾಲದ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ. ಮನೆಯವರನ್ನು ಸಾಕಬೇಕಾದವರು ಕನಿಷ್ಠ ಆರು ತಿಂಗಳ, ಸಾಧ್ಯವಾದರೆ ಒಂದು ವರ್ಷದ ಖರ್ಚನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳದೆ ಹೊರಡಬಾರದೆಂಬುದು ನನ್ನ ಅಭಿಪ್ರಾಯ. ಇಬ್ಬರು ಪ್ರಕಾಶಕರಿದ್ದಾರೆ ಎಂಬ ಸಮಾಧಾನವೂ ಬೇಡ. ಒಬ್ಬರು ಕೈಬಿಟ್ಟ ದಿನ ನಿಮ್ಮ ಆದಾಯದ ಅರ್ಧ ಹೋಗುತ್ತದೆ.

ಹಗಲುನೌಕರ:

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ನೌಕರಿ ಕಲೆಯ ಶತ್ರು ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಕವಿ ಟಿ. ಎಸ್. ಎಲಿಯಟ್ 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ದುಡಿದರು. ಅವರನ್ನು ಬ್ಯಾಂಕಿನಿಂದ ಬಿಡಿಸಲು ಎಜ್ರಾ ಪೌಂಡ್ ಮತ್ತಿತರ ಮಿತ್ರರು 1922ರಲ್ಲಿ ಚಂದಾ ನಿಧಿ ಕೂಡಿಸಲು ಹೊರಟಾಗ ಅವರು ಮುಜುಗರಪಟ್ಟರೇ ಹೊರತು ಬ್ಯಾಂಕು ಬಿಡಲಿಲ್ಲ. ಕೊನೆಗೆ ಬಿಟ್ಟು ಹೋದದ್ದು ಒಂದು ಪ್ರಕಾಶನ ಸಂಸ್ಥೆಗೆ, ಅಂದರೆ ಇನ್ನೊಂದು ಸಂಬಳಕ್ಕೆ. ಕೆಲಸ ಬದಲಾಯಿತು, ಸಂಬಳ ನಿಲ್ಲಲಿಲ್ಲ. ಅಂತಹ ದಾರಿ ನಿಮಗೂ ಇರಬಹುದು: ಪ್ರಕಾಶನ ಸಂಸ್ಥೆಯೊಂದರ ಕಲಾ ವಿಭಾಗದಲ್ಲಿ ನೌಕರಿ ಕೇಳಿ ನೋಡಿದ್ದೀರಾ?

ನೌಕರಿಯಲ್ಲಿದ್ದುಕೊಂಡೇ ಸ್ವಂತ ಉದ್ಯಮ ಆರಂಭಿಸಿ ಆಮೇಲೆ ಪೂರ್ಣಾವಧಿಗೆ ಬಂದವರ ಉದ್ಯಮ ನಿಂತುಹೋಗುವ ಸಂಭವ, ಒಮ್ಮೆಲೇ ನೌಕರಿ ಬಿಟ್ಟು ಬಂದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು 2014ರಲ್ಲಿ ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಜರ್ನಲ್‌ನಲ್ಲಿ ಪ್ರಕಟವಾದ ರಾಫಿ ಮತ್ತು ಫೆಂಗ್ ಅವರ ಅಧ್ಯಯನ ತೋರಿಸಿತ್ತು. ಆದ್ದರಿಂದ ಇನ್ನೊಂದಷ್ಟು ಕಾಲ ಎರಡನ್ನೂ ನಡೆಸಿ ಎನ್ನುತ್ತೇನೆ. ಆದರೆ ನಿಮ್ಮ ನೇಮಕಾತಿ ಪತ್ರವನ್ನು ಇಂದೇ ಓದಿ. ಹೊರಗಿನ ಕೆಲಸಕ್ಕೆ ಅನುಮತಿ ಬೇಕೆಂಬ ಷರತ್ತು ಅಲ್ಲಿರಬಹುದು.

ವಿನ್ಯಾಸಿ:

ಆ ಅಧ್ಯಯನವನ್ನು ಇಲ್ಲಿ ಹೀಗೆ ಬಳಸುವುದು ನನಗೆ ಸರಿಕಾಣುವುದಿಲ್ಲ. ಅದು ಎಲ್ಲ ಬಗೆಯ ಸ್ವಯಂ ಉದ್ಯೋಗಿಗಳನ್ನು ಕುರಿತದ್ದು. ಎರಡನ್ನೂ ನಡೆಸುವುದರ ಮುಖ್ಯ ಲಾಭವೆಂದರೆ ತನ್ನ ಕೆಲಸಕ್ಕೆ ಬೇಡಿಕೆ ಇದೆಯೇ ಎಂಬುದು ಸಂಬಳ ಕಳೆದುಕೊಳ್ಳದೆ ತಿಳಿಯುವುದು. ಪ್ರಶ್ನೆ ಕೇಳಿದವರಿಗೆ ಅದು ಈಗಾಗಲೇ ತಿಳಿದಿದೆ. ಇನ್ನೂ ಎರಡು ದೋಣಿಯ ಮೇಲೆ ಕಾಲಿಟ್ಟುಕೊಂಡಿರಿ ಎಂದರೆ, ದಣಿದ ಕೈಯಿಂದ ಬಂದ ಚಿತ್ರವನ್ನೇ ಪ್ರಕಾಶಕರು ಅವರ ಮಟ್ಟವೆಂದು ತಿಳಿಯುತ್ತಾರೆ. ನಿರಾಕರಿಸಿದ ಕೆಲಸಗಳ ಬೆಲೆ ಯಾವ ಖಾತೆಯಲ್ಲೂ ದಾಖಲಾಗುವುದಿಲ್ಲ. ಎರಡು ಸಲ ಇಲ್ಲವೆಂದವರನ್ನು ಮೂರನೆಯ ಸಲ ಕೇಳುವವರು ಕಡಿಮೆ. ವಾರಕ್ಕೆ ಮೂರು ದಿನದ ಕೆಲಸ ಅಥವಾ ಕೆಲವು ತಿಂಗಳ ಸಂಬಳವಿಲ್ಲದ ರಜೆ ಸಾಧ್ಯವೇ ಎಂದು ಸಂಸ್ಥೆಯನ್ನು ಕೇಳಿ. ಬಹುಪಾಲು ಜನ ಕೇಳದೆಯೇ ಇಲ್ಲ ಎಂಬ ಉತ್ತರವನ್ನು ಊಹಿಸಿಕೊಂಡು ರಾಜೀನಾಮೆ ಬರೆಯುತ್ತಾರೆ.

ಗೆರೆಬಣ್ಣ:

ಎಲ್ಲರಿಗೂ ಕೃತಜ್ಞತೆಗಳು. ನೇಮಕಾತಿ ಪತ್ರದಲ್ಲಿ ಲಿಖಿತ ಅನುಮತಿಯ ಷರತ್ತು ಇದ್ದೇ ಇದೆ, ಆದ್ದರಿಂದ ಅನುಮತಿಯನ್ನೂ ಮೂರು ದಿನದ ಕೆಲಸವನ್ನೂ ಒಟ್ಟಿಗೆ ಕೇಳಲಿದ್ದೇನೆ. 115 ದಿನದ ಲೆಕ್ಕ ಹಾಕಿದಾಗ, ಇಬ್ಬರೂ ಪ್ರಕಾಶಕರು ಮಾತಿಗೆ ತಪ್ಪದಿದ್ದರೆ ಮಾತ್ರ ಖರ್ಚಿಗೆ ಸರಿಹೋಗುತ್ತದೆ. ಅವರಲ್ಲೊಬ್ಬರು ಒಂದೇ ಬಾರಿಗೆ ದೊಡ್ಡ ಮೊತ್ತ ಕೊಟ್ಟು ಚಿತ್ರಗಳ ಸಂಪೂರ್ಣ ಹಕ್ಕು ಕೇಳುತ್ತಿದ್ದಾರೆ. ಕೊಡಬಹುದೇ?

ಬಿಡಿಕೆಲಸ:

ಮೊತ್ತ ದೊಡ್ಡದೆನಿಸಿದರೂ ತಕ್ಷಣ ಒಪ್ಪಬೇಡಿ. ಸಂಪೂರ್ಣ ಹಕ್ಕು ಬರೆದುಕೊಟ್ಟರೆ ಅನುವಾದ, ಮರುಮುದ್ರಣ, ಆಟಿಕೆ, ಅನಿಮೇಷನ್ ಯಾವುದರಲ್ಲೂ ನಿಮಗೆ ಪಾಲು ಇರುವುದಿಲ್ಲ. ಇಂತಿಷ್ಟು ವರ್ಷ, ಇಂತಹ ಭಾಷೆ, ಮುದ್ರಿತ ಪುಸ್ತಕಕ್ಕೆ ಮಾತ್ರ ಎಂದು ಮಿತಿ ಹಾಕಿ ಬಳಕೆಯ ಪರವಾನಗಿ ಕೊಡಿ, ಮುಂಗಡದ ಜೊತೆಗೆ ಮಾರಾಟದ ಮೇಲೆ ರಾಯಲ್ಟಿ ಕೇಳಿ. ಎಷ್ಟು ಸುತ್ತು ತಿದ್ದುಪಡಿ ಉಚಿತ, ಕೆಲಸ ನಡುವೆ ರದ್ದಾದರೆ ಎಷ್ಟು ಕೊಡಬೇಕು, ಬಿಲ್ ಕೊಟ್ಟ ಎಷ್ಟು ದಿನದೊಳಗೆ ಹಣ ಬರಬೇಕು ಎಂಬುದೂ ಅದೇ ಒಪ್ಪಂದದಲ್ಲಿರಲಿ. ಸಂಬಳ ಇನ್ನೂ ಬರುತ್ತಿರುವಾಗ ಇಂತಹ ಷರತ್ತುಗಳಿಗೆ ಪಟ್ಟು ಹಿಡಿಯುವುದು ಸುಲಭ, ಆದ್ದರಿಂದ ಈ ಮಾತುಕತೆಯನ್ನು ಸಂಸ್ಥೆಗೆ ಮನವಿ ಸಲ್ಲಿಸುವ ಮೊದಲೇ ಮುಗಿಸಿಕೊಳ್ಳಿ.