ಗಡುವು ಮುಂದಕ್ಕೆ ಹಾಕಿ ಅನ್ನೋಕೆ 'ಪ್ರೊಲಾಂಗ್' ಸರಿಯಾ?

ಬೈತಖೋಲ್ ಹುಡುಗ:
ಬೋಟ್ ಸಾಲದ ಕಂತಿಗೆ ಸ್ವಲ್ಪ ಟೈಮ್ ಕೊಡಿ ಅಂತ ಬ್ಯಾಂಕಿಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೆಯಬೇಕು. ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಡಲಿಗೆ ಇಳಿಸುವಂತಿಲ್ಲ, ದುಡ್ಡು ಎಲ್ಲಿಂದ ಬರಬೇಕು? ಅಣ್ಣ 'ಪ್ರೊಲಾಂಗ್ ದ ಲಾಸ್ಟ್ ಡೇಟ್' ಅಂತ ಬರಿ ಅನ್ನುತ್ತಾನೆ. ನನಗೆ 'ಎಕ್ಸ್‌ಟೆಂಡ್' ಸರಿ ಅನ್ನಿಸುತ್ತದೆ. ಎರಡೂ ಒಂದೇ ಅಲ್ವಾ?

ಶಿರಸಿ ಮಾಸ್ತರ:
ಅಲ್ಲ ತಮ್ಮಾ. ಎಕ್ಸ್‌ಟೆಂಡ್ ಅಂತಲೇ ಬರಿ. ಆಗಲೇ ನಡೆಯುತ್ತಿರುವುದನ್ನು ಇನ್ನಷ್ಟು ಹೊತ್ತು ಎಳೆದರೆ ಪ್ರೊಲಾಂಗ್. ಕಾಯಿಲೆ, ಜಗಳ, ಕೋರ್ಟ್ ಕೇಸು, ಹೀಗೆ ಮುಗಿದರೆ ಸಾಕು ಅನ್ನಿಸುವಂಥವೇ ಅದರ ಜೊತೆ ಜಾಸ್ತಿ ಬರುತ್ತವೆ. ಹಾಗಂತ ಯಾವಾಗಲೂ ಕೆಟ್ಟ ಅರ್ಥವೇ ಅಂತಲ್ಲ. ಆಯುಷ್ಯ ಹೆಚ್ಚಿಸುವ ಔಷಧಿಗೂ 'ಪ್ರೊಲಾಂಗ್ ಲೈಫ್' ಅನ್ನುತ್ತಾರೆ, ಯಕ್ಷಗಾನದ ಆಟದಲ್ಲಿ ಭಾಗವತರು ಒಂದು ಸ್ವರ ಹಿಡಿದು ಎಳೆದರೂ ಪ್ರೊಲಾಂಗೇ. ಗಡುವು ಅಂದರೆ ಬರೀ ಒಂದು ತಾರೀಖು. ಅದನ್ನು ಎಳೆಯೋದು ಏನು ಬಂತು, ಅಧಿಕಾರ ಇದ್ದವರು ಮುಂದಕ್ಕೆ ಹಾಕಬೇಕು ಅಷ್ಟೇ. ವೀಸಾ, ರಜೆ, ಮೀನುಗಾರಿಕೆ ನಿಷೇಧ, ಎಲ್ಲಕ್ಕೂ ಎಕ್ಸ್‌ಟೆಂಡ್.

ಕುಮಟಾ ಅಕ್ಕ:
ಮಾಸ್ತರು ಹೇಳಿದ್ದು ಸರಿ. ಇನ್ನೊಂದು ಇದೆ. 'ಮೀಟಿಂಗ್ ಪ್ರೊಲಾಂಗ್ ಆಯ್ತು' ಅಂತ ನಾವು ಕನ್ನಡದಲ್ಲಿ ಸುಮ್ನೆ ಹೇಳಿಬಿಡುತ್ತೇವೆ, ಆದರೆ ಇಂಗ್ಲಿಷ್‌ನಲ್ಲಿ 'ದ ಮೀಟಿಂಗ್ ಪ್ರೊಲಾಂಗ್ಡ್' ಅಂದರೆ ಕಿವಿಗೆ ಹೊಡೆಯುತ್ತದೆ, 'ವಾಸ್ ಪ್ರೊಲಾಂಗ್ಡ್' ಆಗಬೇಕು. ಎಕ್ಸ್‌ಟೆಂಡ್‌ಗೆ ಆ ಕಾಟ ಇಲ್ಲ, 'ದ ರೋಡ್ ಎಕ್ಸ್‌ಟೆಂಡ್ಸ್ ಟು ಗೋವಾ' ಅನ್ನಬಹುದು. 'ಲೆಂಗ್ತನ್' ಕೂಡ ಎರಡೂ ಥರ ಬರುತ್ತದೆ: ಟೈಲರ್ ಲಂಗದ ಉದ್ದ ಹೆಚ್ಚಿಸಿದರೂ ಅದೇ, ಸಂಜೆ ನೆರಳು ತಾನಾಗಿ ಉದ್ದ ಆದರೂ ಅದೇ. ಅಂದಹಾಗೆ ಬ್ಯಾಂಕಿಗೆ ಕನ್ನಡದಲ್ಲೇ ಬರೆದರೆ ಏನಂತೆ?

ಬೈತಖೋಲ್ ಹುಡುಗ:
ಅಕ್ಕಾ, ಮ್ಯಾನೇಜರ್ ಹೊರ ರಾಜ್ಯದವರು, ಅದಕ್ಕೇ ಈ ಒದ್ದಾಟ. ಎಕ್ಸ್‌ಟೆಂಡ್ ಆದ ಮೇಲೆ 'ಬೈ' ಹಾಕಲೋ 'ಟು' ಹಾಕಲೋ?

ಶಿರಸಿ ಮಾಸ್ತರ:
ಎಷ್ಟು ದಿನ ಅಂತಾದರೆ ಬೈ, ಯಾವ ತಾರೀಖಿನವರೆಗೆ ಅಂತಾದರೆ ಟು. 'ಬೈ 30 ಡೇಸ್', 'ಟು 30 ಸೆಪ್ಟೆಂಬರ್'. ನೀನು ತಾರೀಖೇ ಹಾಕು. ದಿನ ಅಂತ ಬರೆದರೆ ಯಾವತ್ತಿನಿಂದ ಎಣಿಸಬೇಕು ಅಂತ ಮತ್ತೆ ತಕರಾರು ತೆಗೆಯುತ್ತಾರೆ.